‘ಹರಾಸ್’ ಅಂದರೆ ಛೂ ಬಿಡುವುದು

ಇಂಗ್ಲಿಷ್ ಪಾಠದ ಕೊನೆಯಲ್ಲಿ ಬರುವ ಶಬ್ದಾರ್ಥದ ಪಟ್ಟಿಯನ್ನು ನಾವು ಕಾಮರ್ಸ್‌ನವರು ಸಾಮಾನ್ಯವಾಗಿ ಪರೀಕ್ಷೆಯ ಹಿಂದಿನ ರಾತ್ರಿ ನೋಡುತ್ತೇವೆ. ಒಂದು ಶಬ್ದ, ಪಕ್ಕದಲ್ಲಿ ಒಂದು ಅರ್ಥ, ಅಲ್ಲಿಗೆ ಮುಗಿಯಿತು. ನೋವು ಕೊಡುವುದಕ್ಕೆ ಸಂಬಂಧಿಸಿದ ಕ್ರಿಯಾಪದಗಳಾದರೆ ಇನ್ನೂ ಸುಲಭ. ಟಾರ್ಚರ್, ಟಾರ್ಮೆಂಟ್, ಅಫ್ಲಿಕ್ಟ್, ಅಪ್ರೆಸ್, ಪರ್ಸಿಕ್ಯೂಟ್, ಹರಾಸ್ ಎಲ್ಲದರ ಮುಂದೆಯೂ ‘ಹಿಂಸಿಸು, ಪೀಡಿಸು’ ಎಂದು ಬರೆದುಕೊಂಡರೆ ಅಂಕ ಸಿಕ್ಕೇ ಸಿಗುತ್ತದೆ. ಆದರೆ ಯಾವ ಭಾಷೆಯೂ ಒಂದೇ ಕೆಲಸಕ್ಕೆ ಆರು ಶಬ್ದಗಳನ್ನು ಸುಮ್ಮನೆ ಇಟ್ಟುಕೊಳ್ಳುವುದಿಲ್ಲ, ಅಲ್ಲವೇ?

ಈ ಸಂಚಿಕೆಗೆ ಆ ಆರರಲ್ಲಿ ‘ಹರಾಸ್’ ಒಂದನ್ನು ಆರಿಸಿಕೊಂಡಿದ್ದೇನೆ. ‘ಟಾರ್ಚರ್’ ಅನ್ನು ನಾವು ತಮಾಷೆಗೂ ಬಳಸುತ್ತೇವೆ. ಬ್ಯಾಲೆನ್ಸ್ ಶೀಟ್ ತಾಳೆಯಾಗದಿದ್ದರೆ ‘ಏನ್ ಟಾರ್ಚರ್ ಮಾರಾಯ’ ಅನ್ನುತ್ತೇವೆ. ‘ಹರಾಸ್’ ಅನ್ನು ಯಾರೂ ತಮಾಷೆಗೆ ಹೇಳಿದ್ದನ್ನು ನಾನು ಕೇಳಿಲ್ಲ. ರಾಜಾಜಿನಗರದ ಬಸ್ ಸ್ಟಾಪ್‌ನಲ್ಲಿ, ಕ್ಲಿನಿಕ್‌ನ ಬೆಂಚಿನ ಮೇಲೆ, ನೀರಿನ ಟ್ಯಾಂಕರ್ ಮುಂದೆ ಈ ಶಬ್ದ ಕಿವಿಗೆ ಬಿದ್ದರೆ ಹೇಳುವವರ ದನಿ ಇಳಿದಿರುತ್ತದೆ. ‘ಗಂಡನ ಮನೆಯವರು ಹರಾಸ್ ಮಾಡ್ತಾರೆ’, ‘ಫ್ಯಾಕ್ಟರಿ ಸೂಪರ್‌ವೈಸರ್ ಹರಾಸ್ ಮಾಡ್ತಾನೆ’. ಈಗೀಗ ಎಲ್ಲಕ್ಕಿಂತ ಹೆಚ್ಚಾಗಿ ‘ಲೋನ್‌ನವರು ಹರಾಸ್ ಮಾಡ್ತಾರೆ’.

ಮೊದಲು ಪರೀಕ್ಷೆಗೆ ಬೇಕಾದದ್ದನ್ನು ಹೇಳಿಬಿಡುತ್ತೇನೆ. ಕಾಗುಣಿತದಲ್ಲಿ ‘ಆರ್’ ಒಂದೇ, ‘ಎಸ್’ ಎರಡು. ‘ಎಂಬರಾಸ್’ ಎಂಬ ಇನ್ನೊಂದು ಶಬ್ದದಲ್ಲಿ ಎರಡೂ ಎರಡೆರಡು. ಬಹಳ ಜನ ಅದನ್ನು ನೋಡಿ ಇದಕ್ಕೂ ಒಂದು ‘ಆರ್’ ಜಾಸ್ತಿ ಹಾಕುತ್ತಾರೆ. ಉಚ್ಚಾರಣೆ ಎರಡು ಬಗೆ. ಮೊದಲ ಅಕ್ಷರವನ್ನು ಒತ್ತಿ ‘ಹ್ಯಾರಸ್’ ಅನ್ನುವುದು ಬ್ರಿಟನ್ನಿನ ಹಳೆಯ ರೂಢಿ, ಎರಡನೆಯದನ್ನು ಒತ್ತಿ ‘ಹರಾಸ್’ ಅನ್ನುವುದು ಅಮೆರಿಕದಲ್ಲಿ ಹೆಚ್ಚು. ಎರಡೂ ಸರಿ. ಇದು ಸಕರ್ಮಕ ಕ್ರಿಯಾಪದ. ಯಾರು, ಯಾರನ್ನು ಎಂಬ ಎರಡೂ ಇರಬೇಕು. ನಾಮಪದ ‘ಹರಾಸ್‌ಮೆಂಟ್’.

ಇನ್ನು ಮೂಲಕ್ಕೆ ಬರೋಣ. ಉರ್ದು ಮನೆಮಾತಿನವರಿಗೆ ಇಲ್ಲಿ ದಾರಿ ತಪ್ಪಿಸುವ ಒಂದು ಬೋರ್ಡ್ ಇದೆ. ಉರ್ದುವಿನಲ್ಲಿ ‘ಹಿರಾಸ್’ ಎಂಬ ಶಬ್ದವಿದೆ, ಭಯ ಎಂದು ಅರ್ಥ. ‘ಖೌಫ್ ಓ ಹಿರಾಸ್’ ಎಂದು ಜೋಡಿಯಾಗಿ ಬರುತ್ತದೆ. ‘ಹಿರಾಸಾಂ ಕರ್ನಾ’ ಅಂದರೆ ಹೆದರಿಸುವುದು, ಪೀಡಿಸುವುದು. ಉರ್ದು ಪತ್ರಿಕೆಗಳು ‘ಹರಾಸ್‌ಮೆಂಟ್’ಗೆ ‘ಹರಾಸಾನಿ’ ಎಂದೇ ಬರೆಯುತ್ತವೆ. ದನಿ ಒಂದೇ, ಅರ್ಥವೂ ಹೆಚ್ಚುಕಡಿಮೆ ಒಂದೇ. ನಮ್ಮ ಅಬ್ಬಾ ‘ಅಂಗ್ರೇಜರು ನಮ್ಮಿಂದಲೇ ಕದ್ದದ್ದು’ ಎಂದು ಖುಷಿಯಿಂದ ತೀರ್ಪು ಕೊಟ್ಟುಬಿಟ್ಟರು. ಆದರೆ ಅಲ್ಲ. ‘ಹಿರಾಸ್’ ಫಾರ್ಸಿಯ ಶಬ್ದ. ‘ಹರಾಸೀದನ್’, ಅಂದರೆ ಹೆದರುವುದು, ಎಂಬ ಕ್ರಿಯಾಪದದ ಸಂಬಂಧಿ. ಇಂಗ್ಲಿಷಿನ ‘ಹರಾಸ್’ ಬಂದದ್ದು ಫ್ರೆಂಚ್‌ನಿಂದ. ಇಬ್ಬರು ಅಪರಿಚಿತರು ಒಂದೇ ಬಣ್ಣದ ಅಂಗಿ ಹಾಕಿಕೊಂಡು ಒಂದೇ ಬಸ್ ಹತ್ತಿದ ಹಾಗೆ ಇದು. ಉರ್ದು ಅನುವಾದಕರಿಗೆ ಮಾತ್ರ ಈ ಆಕಸ್ಮಿಕದಿಂದ ದೊಡ್ಡ ಉಪಕಾರವಾಗಿದೆ.

ಇಂಥದ್ದೇ ಇನ್ನೊಂದು ಇಂಗ್ಲಿಷಿನ ಒಳಗೇ ಇದೆ. ‘ಹ್ಯಾರಿ’ ಎಂಬ ಕ್ರಿಯಾಪದಕ್ಕೂ ಪದೇಪದೇ ದಾಳಿ ಮಾಡು, ಕಾಡು ಎಂಬ ಅರ್ಥ. ಅದು ಹಳೆಯ ಇಂಗ್ಲಿಷಿನ, ಸೈನ್ಯ ಎಂಬ ಅರ್ಥದ ಶಬ್ದದಿಂದ ಹುಟ್ಟಿದ್ದು. ಜರ್ಮನ್ ಭಾಷೆಯಲ್ಲಿ ಸೈನ್ಯಕ್ಕೆ ಇಂದಿಗೂ ‘ಹೇರ್’ ಅನ್ನುತ್ತಾರೆ. ‘ಹರಾಸ್’ಗೂ ಅದಕ್ಕೂ ಹುಟ್ಟಿನ ಸಂಬಂಧವಿಲ್ಲ. (ಹ್ಯಾರಿ ಪಾಟರ್‌ನ ಹ್ಯಾರಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಅದು ಹೆನ್ರಿ ಎಂಬ ಹೆಸರಿನ ರೂಪ.)

ಹಾಗಾದರೆ ನಿಜವಾದ ಮೂಲ ಯಾವುದು? ‘ಹರಾಸ್’ ಇಂಗ್ಲಿಷಿಗೆ ಬಂದದ್ದು 17ನೇ ಶತಮಾನದ ಆರಂಭದಲ್ಲಿ. ಫ್ರೆಂಚ್‌ನಲ್ಲಿ ಆ ಕ್ರಿಯಾಪದದ ಅರ್ಥ ದಣಿಸು, ಸುಸ್ತು ಮಾಡು ಎಂದು. ಅದರ ಹಿಂದೆ ಇರಬಹುದು ಎಂದು ನಿಘಂಟುಗಳು ತೋರಿಸುವುದು ಹಳೆಯ ಫ್ರೆಂಚ್‌ನ ಇನ್ನೊಂದು ಕ್ರಿಯಾಪದವನ್ನು. ಅದಕ್ಕೆ ನಾಯಿಯನ್ನು ಒಬ್ಬರ ಮೇಲೆ ಬಿಡು ಎಂಬ ಅರ್ಥ. ಅದೂ ಒಂದು ಕೂಗಿನಿಂದ ಹುಟ್ಟಿದ್ದು. ಬೇಟೆಗಾರರು ನಾಯಿಯನ್ನು ಹುರಿದುಂಬಿಸಲು ‘ಹರ್’ ಎಂಬಂಥ ಒಂದು ಕೂಗು ಹಾಕುತ್ತಿದ್ದರು.

ಇದನ್ನು ಓದಿದ ಕೂಡಲೇ ಕನ್ನಡ ಬಲ್ಲ ಯಾರಿಗಾದರೂ ನೆನಪಾಗುವುದು ‘ಛೂ’. ನಮ್ಮಲ್ಲಿ ನಾಯಿಗೆ ಎರಡು ಮಾತು. ‘ಹಚಾ’ ಅಂದರೆ ಹೋಗು, ‘ಛೂ’ ಅಂದರೆ ಹಿಡಿ. ಆ ಕೂಗಿನಿಂದಲೇ ‘ಛೂ ಬಿಡು’ ಎಂಬ ಕ್ರಿಯಾಪದ ಹುಟ್ಟಿ, ನಾಯಿಯನ್ನು ದಾಟಿ ಮನುಷ್ಯರಿಗೂ ಬಂದಿದೆ. ‘ತಾನು ಒಳಗೆ ಕೂತು ಹುಡುಗರನ್ನ ಛೂ ಬಿಟ್ಟ’ ಅನ್ನುತ್ತೇವೆ. ಫ್ರಾನ್ಸಿನ ಬೇಟೆಗಾರನೂ ನಮ್ಮ ಹಳ್ಳಿಯವರೂ ಒಬ್ಬರನ್ನೊಬ್ಬರು ಕೇಳಿದವರಲ್ಲ. ಆದರೂ ಕೂಗಿನಿಂದ ಕ್ರಿಯಾಪದ, ನಾಯಿಯಿಂದ ಮನುಷ್ಯ ಎಂಬ ದಾರಿಯನ್ನು ಇಬ್ಬರೂ ನಡೆದಿದ್ದಾರೆ. ‘ಹರಾಸ್’ಗೆ ಕನ್ನಡದಲ್ಲಿ ಹತ್ತಿರದ ಶಬ್ದ ಯಾವುದು ಎಂದು ಕೇಳಿದರೆ ನಾನು ನಿಘಂಟಿನ ‘ಪೀಡಿಸು’ವಿಗಿಂತ ಮೊದಲು ಇದನ್ನೇ ಹೇಳುತ್ತೇನೆ.

ಛೂ ಬಿಡುವುದರಲ್ಲಿ ಮೂರು ಪಾತ್ರಗಳಿವೆ. ಕೂಗುವವನು, ಓಡುವ ನಾಯಿ, ಅಟ್ಟಿಸಿಕೊಳ್ಳುವವರು. ಕಚ್ಚಿದ್ದು ನಾಯಿ, ಆದರೆ ಕೂಗಿದವನ ಕೈಗೆ ರಕ್ತ ಅಂಟುವುದಿಲ್ಲ. ಈ ಮಾತನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ವಿಷಯ ‘ದಣಿಸು’ ಎಂಬ ಅರ್ಥದ್ದು. ಬೇಟೆಯ ನಾಯಿ ಜಿಂಕೆಯನ್ನು ಸಿಕ್ಕ ಕೂಡಲೇ ಕೊಲ್ಲುವುದಿಲ್ಲ. ಓಡಿಸುತ್ತದೆ, ನಿಲ್ಲಲು ಬಿಡುವುದಿಲ್ಲ, ನೀರು ಕುಡಿಯಲು ಬಿಡುವುದಿಲ್ಲ. ಕೊನೆಗೆ ಜಿಂಕೆಯನ್ನು ಬೀಳಿಸುವುದು ಸುಸ್ತು. ‘ಹರಾಸ್’ ಶಬ್ದದ ತಿರುಳು ಇಲ್ಲಿದೆ. ಒಂದು ಸಲದ ಪೆಟ್ಟಿಗೆ ಈ ಶಬ್ದ ಹೊಂದುವುದಿಲ್ಲ. ಒಬ್ಬ ಇನ್ನೊಬ್ಬನಿಗೆ ಕೆನ್ನೆಗೆ ಹೊಡೆದು ಹೋದರೆ ಅದು ಹೊಡೆತ. ಅದೇ ಮನುಷ್ಯ ಹೊಡೆಯದೆ, ಬೈಯದೆ, ದಿನಾ ಬೆಳಿಗ್ಗೆ ಸಂಜೆ ನಿಮ್ಮ ಮನೆ ಮುಂದೆ ಬಂದು ನಿಂತರೆ ಅದು ಹರಾಸ್. ಬ್ರಿಟನ್ನಿನ 1997ರ ಕಿರುಕುಳ ತಡೆ ಕಾನೂನು ಇದನ್ನು ಲೆಕ್ಕ ಹಾಕಿಯೇ ಹೇಳುತ್ತದೆ. ಒಬ್ಬ ವ್ಯಕ್ತಿಯ ಮೇಲೆ ಅಂಥ ನಡವಳಿಕೆ ಕಡೇ ಪಕ್ಷ ಎರಡು ಸಲ ನಡೆದಿರಬೇಕು. ಒಂದು ಸಲ ಸಾಲದು.

ಕನ್ನಡದಲ್ಲಿ ಸರ್ಕಾರವೂ ಪತ್ರಿಕೆಗಳೂ ‘ಹರಾಸ್‌ಮೆಂಟ್’ಗೆ ಗೊತ್ತುಮಾಡಿಕೊಂಡಿರುವ ಶಬ್ದ ‘ಕಿರುಕುಳ’. ವರದಕ್ಷಿಣೆ ಕಿರುಕುಳ, ಲೈಂಗಿಕ ಕಿರುಕುಳ. ಸುಪ್ರೀಂ ಕೋರ್ಟ್‌ನ 1997ರ ವಿಶಾಖಾ ತೀರ್ಪು, ಆಮೇಲೆ 2013ರ ಕಾಯ್ದೆ ಬಂದ ಮೇಲೆ ಈ ಎರಡನೆಯದು ಕಾಲೇಜು, ಆಫೀಸುಗಳ ನೋಟಿಸ್ ಬೋರ್ಡ್‌ಗೂ ಬಂದಿದೆ. ‘ಕಿರು’ ಅಂದರೆ ಚಿಕ್ಕದು ಎಂದು ಎಲ್ಲರಿಗೂ ಗೊತ್ತು: ಕಿರುಬೆರಳು, ಕಿರುಚಿತ್ರ. ಹಳೆಗನ್ನಡದಲ್ಲಿ ‘ಕಿರುಕುಳ’ ಅಂದರೆ ಅಲ್ಪವಾದದ್ದು, ಕ್ಷುದ್ರವಾದದ್ದು. ಈ ಶಬ್ದದ ಬಗ್ಗೆ ನನಗೆ ಎರಡು ಮನಸ್ಸು. ಒಂದು ಕಡೆ ಇದು ಬಹಳ ಸರಿಯಾದ ಶಬ್ದ. ಕಿರುಕುಳದ ಒಂದೊಂದು ಕೆಲಸವೂ ಬಿಡಿಯಾಗಿ ನೋಡಿದರೆ ಚಿಕ್ಕದೇ. ಒಂದು ಫೋನ್ ಕರೆ, ಒಂದು ನೋಟ, ಬಾಗಿಲ ಮುಂದೆ ಹತ್ತು ನಿಮಿಷ. ಕೂಡಿಸಿದಾಗ ಮಾತ್ರ ಮೊತ್ತ ಗೊತ್ತಾಗುವುದು. ಇನ್ನೊಂದು ಕಡೆ, ಇದರ ಚಿಕ್ಕತನವೇ ಕೇಳುವವರನ್ನು ಮೋಸ ಮಾಡುತ್ತದೆ. ‘ಏನೋ ಸಣ್ಣಪುಟ್ಟ ಕಿರುಕುಳ’ ಎಂದು ಪಕ್ಕಕ್ಕೆ ಸರಿಸುವುದು ಸುಲಭ. ‘ಛೂ ಬಿಟ್ಟಿದ್ದಾರೆ’ ಅಂದರೆ ಹಾಗೆ ಸರಿಸಲು ಆಗುವುದಿಲ್ಲ.

ಉಳಿದ ಐದನ್ನು ಪೂರ್ತಿ ಬಿಟ್ಟರೆ ಇಂಗ್ಲಿಷ್ ಮೇಡಂ ಒಪ್ಪುವುದಿಲ್ಲ, ಬೇಗ ನೋಡಿಬಿಡೋಣ. ಇವೆಲ್ಲ ಒಂದು ಕಾಲದಲ್ಲಿ ಕೈಯ ಕೆಲಸಗಳ ಹೆಸರುಗಳು. ‘ಟಾರ್ಚರ್’, ‘ಟಾರ್ಮೆಂಟ್’ ಎರಡೂ ಲ್ಯಾಟಿನ್ನಿನ ‘ತಿರುಚು’ ಎಂಬ ಕ್ರಿಯಾಪದದ ಮಕ್ಕಳು. ಸೈನ್ಸ್‌ನವರ ‘ಟಾರ್ಕ್’ ಅದೇ ಮನೆಯದು. ತಿರುಚಿ ಹೊರಗೆ ತೆಗೆದರೆ ‘ಎಕ್ಸ್‌ಟಾರ್ಟ್’, ಅಂದರೆ ಸುಲಿಗೆ. ‘ಅಫ್ಲಿಕ್ಟ್’ ಅಂದರೆ ನೆಲಕ್ಕೆ ಅಪ್ಪಳಿಸು. ‘ಅಪ್ರೆಸ್’ ಅಂದರೆ ಒತ್ತು. ಪ್ರೆಸ್, ಪ್ರೆಷರ್ ಎಲ್ಲ ಅದರ ನೆಂಟರು. ಇಲ್ಲಿ ನಮ್ಮ ಶಬ್ದಗಳನ್ನೂ ತಿರುಗಿಸಿ ನೋಡಿ. ‘ಪೀಡೆ’ ಸಂಸ್ಕೃತದ್ದು, ಅದರ ಧಾತುವಿನ ಅರ್ಥ ಹಿಂಡು, ಒತ್ತು. ಕನ್ನಡದ ‘ದಬಾಯಿಸು’ ಬಂದದ್ದು ನಮ್ಮ ‘ದಬಾನಾ’ದಿಂದ, ಅದೂ ಒತ್ತುವುದೇ. ‘ಸತಾಯಿಸು’ ನಮ್ಮ ‘ಸತಾನಾ’. ಇನ್ನೂ ಹಿಂದೆ ಹೋದರೆ ಅದು ಸಂಸ್ಕೃತದ ‘ಸಂತಾಪ’ದ ಬಳಗ, ಕಾಯಿಸುವುದು, ಬೇಯಿಸುವುದು. ಚಲಾಯಿಸು, ಜಮಾಯಿಸು, ಧಮಕಾಯಿಸು ಕೂಡ ಇದೇ ಅಚ್ಚಿನವು: ಉರ್ದು ಹಿಂದಿಯ ಕ್ರಿಯಾಪದಕ್ಕೆ ಕನ್ನಡದ ‘ಇಸು’ ಸೇರಿಸಿದರೆ ಆಯಿತು. ಮನೆಯಲ್ಲಿ ತಮ್ಮ ರಿಮೋಟ್ ಕಿತ್ತುಕೊಂಡಾಗ ನಾವು ‘ತಂಗ್ ನಕ್ಕೋ ಕರ್’ ಅನ್ನುತ್ತೇವಲ್ಲ, ಆ ‘ತಂಗ್’ ಫಾರ್ಸಿಯಲ್ಲಿ ಇಕ್ಕಟ್ಟು ಎಂಬ ಅರ್ಥದ್ದು. ಕನ್ನಡದಲ್ಲೂ ‘ಇಕ್ಕಟ್ಟಿಗೆ ಸಿಕ್ಕಿಕೊಂಡೆ’ ಅನ್ನುತ್ತೇವೆ. ಇಂಗ್ಲಿಷಿನ ‘ಆಂಗ್ವಿಶ್’ ಎಂಬ ದೊಡ್ಡ ದುಃಖದ ಶಬ್ದವೂ ಲ್ಯಾಟಿನ್ನಿನ ‘ಇಕ್ಕಟ್ಟು’ ಎಂಬುದರಿಂದಲೇ ಹುಟ್ಟಿದೆ.

ಈ ಒತ್ತುವುದು, ಹಿಂಡುವುದು ಬರೀ ಮಾತಿನ ಅಲಂಕಾರವಾಗಿ ಉಳಿದಿರಲಿಲ್ಲ. ಆಗಿನ ಮದ್ರಾಸ್ ಪ್ರಾಂತ್ಯದಲ್ಲಿ ಕಂದಾಯ ವಸೂಲಿಗೆ ಚಿತ್ರಹಿಂಸೆ ಕೊಡುತ್ತಾರೆ ಎಂಬ ದೂರುಗಳು ಲಂಡನ್ನಿನ ಪಾರ್ಲಿಮೆಂಟ್ ತನಕ ಹೋಗಿ, ಅದರ ತನಿಖೆಗೆ ಒಂದು ಆಯೋಗ ನೇಮಕವಾಯಿತು. 1855ರಲ್ಲಿ ಅದರ ವರದಿ ಬಂತು. ಬಳ್ಳಾರಿ, ಕೆನರಾ ಜಿಲ್ಲೆಗಳು ಆಗ ಅದೇ ಪ್ರಾಂತ್ಯದಲ್ಲಿದ್ದವು. ಕಂದಾಯ ಕಟ್ಟದ ರೈತರಿಗೆ ಕೆಳಹಂತದ ನೌಕರರು ಹಿಂಸೆ ಕೊಡುವುದು ನಿಜ ಎಂದು ಆಯೋಗ ಹೇಳಿತು. ಅದರಲ್ಲಿ ಬರುವ ಒಂದು ಸಾಧನದ ಹೆಸರು ‘ಕಿಟ್ಟಿ’. ಎರಡು ಕಟ್ಟಿಗೆಯ ತುಂಡುಗಳ ನಡುವೆ ಬೆರಳುಗಳನ್ನು ಇಟ್ಟು ಅಮುಕುವುದು. ‘ಪೀಡಿಸು’ ಎಂಬ ಶಬ್ದದ ಹಳೆಯ ಅರ್ಥ ಅಲ್ಲಿ ಅಕ್ಷರಶಃ ನಡೆಯುತ್ತಿತ್ತು. ಕಾಮರ್ಸ್‌ನವರು ಗಮನಿಸಬೇಕಾದದ್ದು, ಇದೆಲ್ಲ ನಡೆದದ್ದು ಕೊಲೆ ದರೋಡೆಯ ತನಿಖೆಯಲ್ಲಿ ಮಾತ್ರವಲ್ಲ, ಬಾಕಿ ವಸೂಲಿಗಾಗಿಯೂ.

ಆರನೆಯದು ‘ಪರ್ಸಿಕ್ಯೂಟ್’. ‘ಹರಾಸ್’ಗೆ ಅತಿ ಹತ್ತಿರದ್ದು ಇದೇ. ಲ್ಯಾಟಿನ್ನಿನಲ್ಲಿ ಇದಕ್ಕೆ ಕೊನೆಯ ತನಕ ಹಿಂಬಾಲಿಸು ಎಂಬ ಅರ್ಥ. ‘ಸೀಕ್ವೆನ್ಸ್’, ‘ಸೆಕೆಂಡ್’, ಕೋರ್ಟಿನ ‘ಪ್ರಾಸಿಕ್ಯೂಷನ್’, ಕೇಸು ಹಾಕುವ ‘ಸ್ಯೂ’ ಎಲ್ಲವೂ ಹಿಂಬಾಲಿಸುವ ಆ ಒಂದೇ ಧಾತುವಿನಿಂದ ಬಂದವು. ಕನ್ನಡದ ‘ಬೆನ್ನು ಬೀಳು’, ‘ಬೆನ್ನು ಬಿಡದ ಬೇತಾಳ’ ಇದೇ ಚಿತ್ರ.

ಈಗ ಛೂ ಬಿಡುವ ವಿಷಯಕ್ಕೆ ಮತ್ತೆ ಬರುತ್ತೇನೆ.

2025ರ ಜನವರಿಯಲ್ಲಿ ಕನ್ನಡ ಪತ್ರಿಕೆಗಳ ಮುಖಪುಟದಲ್ಲಿ ದಿನಾ ಇದ್ದದ್ದು ಮೈಕ್ರೋ ಫೈನಾನ್ಸ್ ಕಿರುಕುಳ. ಚಾಮರಾಜನಗರ ಜಿಲ್ಲೆಯಲ್ಲಿ ಸಾಲದವರ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ ಬಂತು. ಹಾವೇರಿ ಜಿಲ್ಲೆಯ ಮಹಿಳೆಯರು ತಮ್ಮ ಮಾಂಗಲ್ಯ ಉಳಿಸಿಕೊಡಿ ಎಂದು ತಾಳಿಯನ್ನು ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳಿಸಿದರು. ಫೆಬ್ರವರಿ 12ರಂದು ಕರ್ನಾಟಕ ಸರ್ಕಾರದ ಸುಗ್ರೀವಾಜ್ಞೆ ಜಾರಿಗೆ ಬಂತು, ಮಾರ್ಚ್‌ನಲ್ಲಿ ವಿಧಾನಮಂಡಲ ಅದನ್ನು ಮಸೂದೆಯಾಗಿ ಒಪ್ಪಿತು. ಶಿಕ್ಷೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ನೋಂದಣಿ, ಪರವಾನಗಿ ಇಲ್ಲದೆ ಸಾಲ ಕೊಡುವವರ ಮೇಲೆ ಅದರ ಮುಖ್ಯ ಕಣ್ಣು.

ಶಬ್ದದ ವಿದ್ಯಾರ್ಥಿಗೆ ಆ ಕಾನೂನಿನಲ್ಲಿ ಸ್ವಾರಸ್ಯದ ಭಾಗ ಅದರ ವ್ಯಾಖ್ಯೆ. ಬಲವಂತದ ಕ್ರಮ ಅಂದರೆ ಏನು ಎಂದು ಅದು ಒಂದು ಶಬ್ದದಲ್ಲಿ ಹೇಳಿ ಕೈತೊಳೆದುಕೊಳ್ಳುವುದಿಲ್ಲ, ಕೆಲಸಗಳನ್ನು ಎಣಿಸುತ್ತದೆ. ಸಾಲ ಪಡೆದವರನ್ನೋ ಮನೆಯವರನ್ನೋ ಅಡ್ಡಗಟ್ಟುವುದು, ಅವಮಾನಿಸುವುದು, ಬೆದರಿಸುವುದು. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಬಿಡದೆ ಹಿಂಬಾಲಿಸುವುದು. ಮನೆಗೆ, ಕೆಲಸದ ಜಾಗಕ್ಕೆ ಪದೇಪದೇ ಬರುವುದು. ಹೊರಗಿನ ಏಜೆನ್ಸಿಯವರನ್ನು ಬಿಟ್ಟು ಒತ್ತಡ ಹಾಕಿಸುವುದು. ಸರ್ಕಾರಿ ಸವಲತ್ತಿಗೆ ಬೇಕಾದ ದಾಖಲೆಗಳನ್ನು ಬಲವಂತವಾಗಿ ಕಿತ್ತುಕೊಳ್ಳುವುದು. ಹಿಂಬಾಲಿಸು ಅನ್ನುವುದು ಲ್ಯಾಟಿನ್ನಿನ ‘ಪರ್ಸಿಕ್ಯೂಟ್’, ಪದೇಪದೇ ಬಂದು ದಣಿಸುವುದು ಫ್ರೆಂಚಿನ ‘ಹರಾಸ್’, ಹೊರಗಿನವರನ್ನು ಬಿಡುವುದು ಕನ್ನಡದ ಛೂ. ಕಾನೂನು ಬರೆದವರು ಶಬ್ದಗಳ ಮೂಲ ನೋಡಿ ಬರೆದಿರಲಾರರು. ಕೆಲಸ ಶತಮಾನಗಳಿಂದ ಬದಲಾಗಿಲ್ಲ, ಅಷ್ಟೇ.

ಪರವಾನಗಿ ಇರುವ ಕಂಪನಿಗಳಿಗೆ ರಿಸರ್ವ್ ಬ್ಯಾಂಕಿನ ನಿಯಮಗಳಿವೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೈಕ್ರೋ ಫೈನಾನ್ಸ್ ನಿರ್ದೇಶನಗಳ ಪ್ರಕಾರ, ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ ಮೈಕ್ರೋ ಫೈನಾನ್ಸ್ ಸಾಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಸಾಲದ ಕರೆ ಮಾಡುವಂತಿಲ್ಲ. ಬೈಯುವಂತಿಲ್ಲ, ನೆಂಟರಿಗೆ, ಜೊತೆ ಕೆಲಸದವರಿಗೆ ತೊಂದರೆ ಕೊಡುವಂತಿಲ್ಲ, ಸಾಲಗಾರರ ಹೆಸರು ಪ್ರಕಟಿಸುವಂತಿಲ್ಲ. ಕಂತನ್ನು ಇಬ್ಬರೂ ಒಪ್ಪಿದ ಜಾಗದಲ್ಲೇ ಪಡೆಯಬೇಕು. ಅಲ್ಲಿಗೆ ಸತತವಾಗಿ ಎರಡು ಅಥವಾ ಅದಕ್ಕಿಂತ ಹೆಚ್ಚು ಸಲ ಬಾರದಿದ್ದರೆ ಮಾತ್ರ ಮನೆಗೆ ಹೋಗಬಹುದು. ಏಜೆಂಟ್ ಮಾಡಿದ್ದಕ್ಕೆ ಕಂಪನಿಯೇ ಹೊಣೆ. ಅಂದರೆ ಕೂಗಿದವನೂ ಲೆಕ್ಕಕ್ಕೆ ಬಂದ.

ನಮ್ಮ ಎದುರು ಮನೆಯ ಖಾಲಾ ಅಗರಬತ್ತಿ ಹೊಸೆಯುತ್ತಾರೆ. ಸಂಘದಲ್ಲಿ ವಾರದ ಕಂತಿನ ಸಾಲ ತೆಗೆದಿದ್ದರು. ಖಾಲು ಆಟೋ ಓಡಿಸುವವರು, ಕಾಲು ಮುರಿದು ಮಲಗಿದಾಗ ಕಂತು ನಿಂತಿತು. ಆಮೇಲಿನದನ್ನು ಖಾಲಾ ಹೇಳಿದ್ದು ಮೂರೇ ಶಬ್ದದಲ್ಲಿ, ‘ಭೋತ್ ಸತಾ ರೈಂ’. ಯಾರೋ ಬರೆದುಕೊಟ್ಟ ಅರ್ಜಿಯಲ್ಲೂ ಒಂದೇ ವಾಕ್ಯವಿತ್ತು: ‘ಸಾಲದವರು ತುಂಬಾ ಕಿರುಕುಳ ನೀಡುತ್ತಿದ್ದು ದಯವಿಟ್ಟು ಕ್ರಮ ಕೈಗೊಳ್ಳಬೇಕು’. ಅದನ್ನು ಓದಿದ ಅಧಿಕಾರಿ ಜೋರು ಮಾಡಲಿಲ್ಲ, ಆದರೆ ವಾಪಸ್ ಕೊಟ್ಟು ‘ಕಿರುಕುಳ ಅಂದ್ರೆ ಏನ್ ಮಾಡಿದ್ರಮ್ಮ, ಯಾವತ್ತು, ಎಷ್ಟೊತ್ತಿಗೆ, ಅದನ್ನ ಬರೆಸ್ಕೊಂಡು ಬನ್ನಿ’ ಅಂದರು.

ಮನೆಯಲ್ಲಿ ಕನ್ನಡ ಚೆನ್ನಾಗಿ ಬರೆಯುವುದು ನಾನೇ ಎಂದು ಅಮ್ಮಿ ನನ್ನನ್ನು ಕಳಿಸಿದರು. ಖಾಲಾ ದಖನಿಯಲ್ಲಿ ಹೇಳುತ್ತಾ ಹೋದರು, ನಾನು ಕನ್ನಡದಲ್ಲಿ ಬರೆಯುತ್ತಾ ಹೋದೆ. ‘ಸತಾ ರೈಂ’ ಎಂಬುದನ್ನು ಬಿಚ್ಚಿದರೆ ಒಳಗೆ ಇದ್ದದ್ದು ಇಷ್ಟು. ಮಂಗಳವಾರ ಮಗ್ರಿಬ್ ಅಜಾನ್ ಆದ ಮೇಲೆ ಇಬ್ಬರು ಬಂದು ಮೆಟ್ಟಿಲ ಮೇಲೆ ಕೂತರು, ಎಂಟೂವರೆ ತನಕ ಏಳಲಿಲ್ಲ. ಗುರುವಾರ ಮತ್ತೆ ಬಂದರು. ಶುಕ್ರವಾರ ಮಗಳ ಟ್ಯೂಷನ್ ಹೊರಗೆ ನಿಂತು ‘ನಿಮ್ಮಮ್ಮ ದುಡ್ಡು ಯಾವಾಗ ಕಟ್ತಾಳೆ’ ಎಂದು ಅವಳ ಗೆಳತಿಯರ ಮುಂದೆ ಕೇಳಿದರು. ಶನಿವಾರ ಒಂದೇ ಬೆಳಿಗ್ಗೆ 14 ಫೋನ್ ಕರೆ, ಮೊದಲನೆಯದು 7 ಗಂಟೆಗೆ. ರೇಷನ್ ಕಾರ್ಡ್ ಕೊಡಿ, ಕಟ್ಟಿದ ಮೇಲೆ ತಗೊಳ್ಳಿ ಅಂದರು. ಯಾರೂ ಕೈ ಮಾಡಿರಲಿಲ್ಲ. ಖಾಲಾಗೆ ಅದೇ ಅನುಮಾನ, ‘ಬೇಟಾ, ಅವರು ಹೊಡೆದಿಲ್ಲವಲ್ಲ, ಇದನ್ನೆಲ್ಲ ಬರೆದರೆ ನಗುತ್ತಾರೇನೋ’.

ಬರೆಯುವಾಗ ‘ಕಿರುಕುಳ’ ಶಬ್ದವನ್ನು ವಿಷಯದ ಸಾಲಿನಲ್ಲಿ ಒಂದು ಸಲ ಮಾತ್ರ ಬಳಸಿದೆವು. ಉಳಿದ ಒಂದೂವರೆ ಪುಟದಲ್ಲಿ ಬಂದರು, ಕೂತರು, ಕೇಳಿದರು, ಕರೆ ಮಾಡಿದರು ಎಂಬ ಸಾದಾ ಕ್ರಿಯಾಪದಗಳು, ಪಕ್ಕದಲ್ಲಿ ದಿನ ಮತ್ತು ಸಮಯ. ಫೋನಿನ ಕರೆಗಳ ಪಟ್ಟಿಯ ಜೆರಾಕ್ಸ್ ಲಗತ್ತಿಸಿದೆವು. ಅರ್ಜಿ ತೆಗೆದುಕೊಂಡು ಸ್ವೀಕೃತಿ ಚೀಟಿ ಕೊಟ್ಟರು. ಆಮೇಲೆ ಸಂಜೆಯ ಬರುವಿಕೆ ನಿಂತಿತು. ಸಾಲ ಇದೆ, ಕಂತು ಚಿಕ್ಕದು ಮಾಡಿಕೊಂಡು ಖಾಲಾ ಕಟ್ಟುತ್ತಿದ್ದಾರೆ.

ಇದನ್ನು ಹೇಳಿದರೆ ಕೆಲವರು ‘ಹಾಗಾದರೆ ಕೊಟ್ಟ ದುಡ್ಡು ಕೇಳುವುದೂ ತಪ್ಪೇ?’ ಅನ್ನುತ್ತಾರೆ. ನಮ್ಮ ತರಗತಿಯಲ್ಲೂ ಈ ವಾದ ಬಂತು. ನ್ಯಾಯವಾದ ಪ್ರಶ್ನೆ. ನಾವು ಓದುತ್ತಿರುವುದೇ ಡೆಟರ್, ಕ್ರೆಡಿಟರ್. ವಸೂಲಾಗದ ಸಾಲ ಲಾಭನಷ್ಟದ ಖಾತೆಯಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂದು ನಮಗೆ ಗೊತ್ತು. ಕೇಳುವುದು ತಪ್ಪಲ್ಲ. ಅದಕ್ಕೆ ಬೇರೆಯೇ ಶಬ್ದವಿದೆ. ಅರಬಿಯಿಂದ ಉರ್ದುವಿಗೆ ಬಂದ ‘ತಕಾಜಾ’ ಅಂದರೆ ಕೊಟ್ಟ ಸಾಲವನ್ನು ಹಕ್ಕಿನಿಂದ ಕೇಳುವುದು. ನ್ಯಾಯ ತೀರ್ಮಾನಿಸುವ ‘ಕಾಜಿ’ಯೂ ಅದೇ ಧಾತುವಿನವರು. ಅಂದರೆ ಆ ಶಬ್ದದ ಬೇರಿನಲ್ಲೇ ತೀರ್ಪು, ನ್ಯಾಯ ಎಲ್ಲ ಇದೆ. ಅದೇ ಶಬ್ದ ಕನ್ನಡಕ್ಕೆ ಬಂದು ‘ತಗಾದೆ’ ಆಯಿತು. ಬಂದ ಮೇಲೆ ಅರ್ಥ ಜಾರಿತು. ಈಗ ‘ಅವರದ್ದು ಯಾವಾಗಲೂ ತಗಾದೆ’ ಅಂದರೆ ಜಗಳ, ಕ್ಯಾತೆ. ‘ತಕರಾರು’ ಶಬ್ದಕ್ಕೂ ಇದೇ ಗತಿ. ಅರಬಿಯಲ್ಲಿ ‘ತಕ್ರಾರ್’ ಅಂದರೆ ಬರೀ ಪುನರಾವರ್ತನೆ, ಹೇಳಿದ್ದನ್ನೇ ಹೇಳುವುದು. ಹೇಳಿದ್ದನ್ನೇ ಹೇಳುತ್ತಾ ಹೋದರೆ ಅದು ಜಗಳವಾಗುತ್ತದೆ ಎಂದು ಜನರ ಬಾಯಿಯೇ ತೀರ್ಮಾನಿಸಿದೆ. ಹಕ್ಕಿನ ತಕಾಜಾ ಯಾವ ಹೊತ್ತಿನಲ್ಲಿ ಛೂ ಆಗುತ್ತದೆ ಎಂಬ ಗೆರೆಯನ್ನೇ ರಿಸರ್ವ್ ಬ್ಯಾಂಕು ಬೆಳಿಗ್ಗೆ 9, ಸಂಜೆ 6 ಎಂದು ಅಂಕಿಯಲ್ಲಿ ಎಳೆದಿದೆ. ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ತನಕ ಸಮಯ ಕೊಡಬೇಕು ಎಂದು ಕುರ್‌ಆನ್ ಸೂರಃ ಬಕರಃದಲ್ಲಿ ಹೇಳಿರುವುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಅಲ್ಲಿಯೂ ಸಾಲ ರದ್ದಾಗುವುದಿಲ್ಲ, ಕಾಯುವುದು ಇದೆ. ಬಿಟ್ಟುಬಿಟ್ಟರೆ ಇನ್ನೂ ಒಳ್ಳೆಯದು ಎಂದೂ ಇದೆ.

ಸಾಲದ ಲೋಕದ ಶಬ್ದಗಳೇ ಒಂದು ಮೆರವಣಿಗೆ. ಬಾಕಿ, ವಸೂಲಿ, ಜಾಮೀನು, ಜಪ್ತಿ ಎಲ್ಲ ಅರಬಿಯಿಂದ ಹೊರಟು ಕಚೇರಿಗಳ ಮೂಲಕ ಕನ್ನಡಕ್ಕೆ ಬಂದವು. ‘ಹರಾಜು’ ಕೂಡ ಅಲ್ಲಿಯದೇ. ಕಿವಿಗೆ ಇದೂ ‘ಹರಾಸ್’ನ ತಮ್ಮನ ಹಾಗೆ ಕೇಳುತ್ತದೆ, ಆದರೆ ಸಂಬಂಧವಿಲ್ಲ. ಆದರೂ ಮೆಟ್ಟಿಲ ಮೇಲೆ ಕೂತವರ ಬಗ್ಗೆ ಖಾಲಾ ಪಕ್ಕದ ಮನೆಯ ಆಂಟಿಗೆ ಕನ್ನಡದಲ್ಲಿ ಹೇಳಿದ್ದು ‘ನಮ್ಮ ಮಾನ ಹರಾಜು ಹಾಕಿದ್ರು’ ಎಂದು. ಅಡಮಾನವಿಲ್ಲದ ಸಾಲ ಅನ್ನುತ್ತಾರಲ್ಲ, ಅಡಮಾನಕ್ಕೆ ಏನೂ ಇಲ್ಲದಾಗ ಹರಾಜಿಗೆ ಉಳಿಯುವುದು ಅದೊಂದೇ.

ಕೊನೆಯದಾಗಿ ವ್ಯಾಕರಣದ ಒಂದು ಮಾತು. ಕನ್ನಡದಲ್ಲಿ ನಾವು ‘ಹರಾಸ್ ಆಗ್ತಿದೆ’, ‘ಕಿರುಕುಳ ಆಗ್ತಿದೆ’ ಅನ್ನುತ್ತೇವೆ, ಮಳೆ ಆಗ್ತಿದೆ ಅನ್ನುವ ಹಾಗೆ. ಮಳೆಗೆ ಕರ್ತೃ ಬೇಕಿಲ್ಲ, ಇದಕ್ಕೆ ಬೇಕು. ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲು ಹಾಕಬೇಕಾದದ್ದು ಮಾಡಿದವರು ಯಾರು ಎಂಬುದನ್ನು. ಛೂ ಬಿಟ್ಟವರು ಬೇರೆ, ಬಂದವರು ಬೇರೆ ಆಗಿದ್ದರೆ ಇಬ್ಬರನ್ನೂ ಹಾಕಿ.

ಅಭ್ಯಾಸಕ್ಕೆ ಕೆಳಗಿನ ವಾಕ್ಯಗಳನ್ನು ಇಂಗ್ಲಿಷಿಗೆ ಅನುವಾದಿಸಿ. ರಿಮೈಂಡ್, ಡಿಮ್ಯಾಂಡ್, ಹರಾಸ್, ಎಕ್ಸ್‌ಟಾರ್ಟ್ ಈ ನಾಲ್ಕರಲ್ಲಿ ಎಲ್ಲಿ ಯಾವುದು ಎಂದು ನೀವೇ ತೀರ್ಮಾನಿಸಿ. ಒಂದು ಕಡೆ ಎರಡು ಉತ್ತರಕ್ಕೂ ಜಾಗವಿದೆ, ಅಲ್ಲಿ ಕಾರಣ ಬರೆಯಿರಿ.

ಕಂತಿನ ದಿನ ನಾಳೆ ಎಂದು ಬ್ಯಾಂಕಿನವರು ಮೆಸೇಜ್ ಕಳಿಸಿದರು.
ಬಾಕಿ ಮೊತ್ತವನ್ನು 15 ದಿನದೊಳಗೆ ಕಟ್ಟಬೇಕೆಂದು ಕಂಪನಿ ನೋಟಿಸ್ ಕೊಟ್ಟಿತು.
ಅವರು ಒಂದು ವಾರ ದಿನಾ ಅವಳ ಅಂಗಡಿ ಮುಂದೆ ಬಂದು ನಿಂತರು, ಏನೂ ಮಾತಾಡಲಿಲ್ಲ.
ಸಾಲ ತೀರಿದ ಮೇಲೂ ‘ಕಾರ್ಡ್ ಬೇಕಾದರೆ 2000 ಕೊಡಿ’ ಎಂದು ತೆಗೆದುಕೊಂಡರು.
ಮ್ಯಾನೇಜರ್ ತಾನು ಬರಲಿಲ್ಲ, ಹುಡುಗರನ್ನು ಛೂ ಬಿಟ್ಟರು.